ಕಾಯುವ ಸುತ್ತು

ಕಿವಿ ಪರೀಕ್ಷೆಯ ಕೋಣೆಯ ಗಾಜಿನ ಆಚೆ ಕೂತಿದ್ದ ವಾಚ್ ರಿಪೇರಿ ತಾತ, ಶಬ್ದ ಕೇಳಿದಾಗ ಒತ್ತುವ ಬಟನ್ನನ್ನು ಮತ್ತೆ ಒತ್ತಿದ. ಅವಳು ಈ ಸಲ ಯಾವ ಶಬ್ದವನ್ನೂ ಬಿಟ್ಟಿರಲಿಲ್ಲ. ಬೇಕೆಂದೇ ಕೈ ಹಿಂದಕ್ಕೆಳೆದುಕೊಂಡು ಸುಮ್ಮನೆ ಕೂತಿದ್ದಳು. ಆದರೂ ಅವಳ ಮುಂದಿನ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು, ಆರಿತು, ಇನ್ನೊಮ್ಮೆ ಹತ್ತಿತು. ದೊಡ್ಡ ಹೆಡ್‌ಫೋನ್ ಕವುಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಹುಬ್ಬು ಗಂಟಿಕ್ಕಿ, ಇಲ್ಲದ ಶಬ್ದವನ್ನು ಹಿಡಿಯಲು ಮುಂದಕ್ಕೆ ಬಾಗಿದ್ದ ಆ ಮುಖವನ್ನು ತಾನು ಎಲ್ಲೆಲ್ಲಿ ನೋಡಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ನಿಂತು ನೋಡುತ್ತಿದ್ದ ಮೇಡಂ, "ಬೈಬೇಡ ಪಾಪ. ಸುಳ್ಳು ಹೇಳ್ತಿಲ್ಲ ಆತ. ಪಾಸಾಗ್ಬೇಕು ಅಂತ ಆಸೆ ಅಷ್ಟೆ. ನಡುವೆ ನಡುವೆ ಹಿಂಗೇ ಸುಮ್ಮನಿರು, ಯಾವುದು ನಿಜವಾಗ್ಲೂ ಕೇಳಿದ್ದು ಅಂತ ಗೊತ್ತಾಗೋದೇ ಅದರಿಂದ" ಅಂದರು. ಹೊರಗೆ ಬಂದ ತಾತ ಹೆಡ್‌ಫೋನಿನಿಂದ ಕೆದರಿದ ನಾಲ್ಕು ಕೂದಲನ್ನು ಒಪ್ಪವಾಗಿ ಸವರಿಕೊಂಡು, "ಎಷ್ಟಮ್ಮ ಮಾರ್ಕ್ಸು? ಪಾಸಾದ್ನಾ?" ಎಂದು ಕೇಳಿದ. ಅವಳಿಗೆ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂದದ್ದೇಕೆಂದು ತಾತನಿಗೆ ತಿಳಿಯಲಿಲ್ಲ. ತನ್ನ ಮಾತು ಅಷ್ಟು ತಮಾಷೆಯಾಗಿತ್ತೆಂದು ಅವನೂ ಸಂತೋಷಪಟ್ಟ.

ಕಿವಿಯ ಪರೀಕ್ಷೆ ಮಾಡುವುದನ್ನು, ಕೇಳದವರಿಗೆ ಮೆಷಿನ್ ಕೂರಿಸುವುದನ್ನು ಕಲಿಸುವ ಕಾಲೇಜಿನಲ್ಲಿ ಅವಳು ಕೊನೆಯ ವರ್ಷದಲ್ಲಿದ್ದಳು. ಕ್ಲಾಸಿನವರು ಅವಳಿಗಿಟ್ಟಿದ್ದ ಹೆಸರು ಉಪದೇಶಿ. ಕ್ಯಾಂಟೀನಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಳೆಂದು ಆ ಹೆಸರು. ಒಂದು ದಿನ ಅವಳು ಕಣ್ಣು ತೆರೆಯುವಷ್ಟರಲ್ಲಿ ತಟ್ಟೆಯಲ್ಲಿದ್ದ ಬೇಯಿಸಿದ ಮೊಟ್ಟೆ ಮಾಯವಾಗಿತ್ತು. "ನಿಮ್ಮ ದೇವರು ತಗೊಂಡ್ನೇನೋ, ಕೇಳಿ ನೋಡು" ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳೂ ನಕ್ಕಿದ್ದಳು. ಮರುದಿನದಿಂದ ಕಣ್ಣು ತೆರೆದುಕೊಂಡೇ, ತುಟಿ ಅಲ್ಲಾಡದ ಹಾಗೆ ಪ್ರಾರ್ಥನೆ ಮಾಡಿ ಮುಗಿಸುವುದನ್ನು ರೂಢಿ ಮಾಡಿಕೊಂಡಳು. ಅದನ್ನು ನೆನೆದಾಗಲೆಲ್ಲ ಮೊಟ್ಟೆ ಹೋದದ್ದಕ್ಕಿಂತ ಆ ತೆರೆದ ಕಣ್ಣಿಗೇ ಹೆಚ್ಚು ನಾಚಿಕೆಯಾಗುತ್ತಿತ್ತು. ಅಲ್ಲಿ ದೇವರಿದ್ದಾನೆಂದು ಹೇಳಲು ಬಾಯಿ ಬರದೆ ಹೋಯಿತು. ಇಲ್ಲಿ, ಮನೆಯವರೆಲ್ಲ ಹೋಗುವ ಪ್ರಾರ್ಥನೆಯ ಸಭೆಯಲ್ಲಿ, ದೇವರು ಮಾತಾಡಲಿಲ್ಲವೆಂದು ಹೇಳಲು ಬಾಯಿ ಬರುವುದಿಲ್ಲ. ಛೆ, ಎರಡೂ ಕಡೆ ಒಂದೇ ಬಾಯಿ.

ಸಭೆಯೆಂದರೆ ಟೈರಂಗಡಿಯ ಮೇಲಿನ ಮಹಡಿಯ ಹಾಲ್. ಕೆಳಗಿನ ರಬ್ಬರಿನ ವಾಸನೆ ಹಲಗೆಯ ನೆಲದ ಸಂದುಗಳಿಂದ ಮೇಲೆ ಬಂದು ಹಾಡುಗಳಲ್ಲೂ ಸೇರಿಕೊಂಡಿರುತ್ತದೆ. ಅಂಗಡಿಯ ಯಜಮಾನರೇ ಸಭೆಯ ಹಿರಿಯರು. ಹಲ್ಲಿಲ್ಲದ ಮುದುಕಿಯಿಂದ ಹಿಡಿದು ಎಲ್ಲರೂ ಅವರನ್ನು ದೊಡ್ಡಣ್ಣ ಎನ್ನುತ್ತಾರೆ. ಯಾರಿಗೆ ಏನು ನಿರ್ಧಾರವಾಗಬೇಕಿದ್ದರೂ, ಮನೆ ಬದಲಾಯಿಸುವುದಿರಲಿ, ಮಗಳ ಮದುವೆಯಿರಲಿ, ಸಭೆ ವೃತ್ತಾಕಾರವಾಗಿ ಕೂತು ಕಾಯುತ್ತದೆ. ಅದಕ್ಕೆ ಕಾಯುವ ಸುತ್ತು ಎಂದೇ ಹೆಸರು. ಹಾಡಿಲ್ಲ, ಬೋಧನೆಯಿಲ್ಲ, ಕೆಮ್ಮಿದರೂ ಸೆರಗಿನೊಳಗೆ. ಸ್ವಲ್ಪ ಹೊತ್ತಿನ ಮೇಲೆ ಯಾರಾದರೊಬ್ಬರು "ಸಿಕ್ಕಿತು" ಎನ್ನುತ್ತಾರೆ. ದೇವರ ಉತ್ತರ ಸಿಕ್ಕಿತು ಎಂದರ್ಥ. ಆಮೇಲೆ ಅವರ ಬಲಕ್ಕಿರುವವರು, ಅವರ ಬಲಕ್ಕಿರುವವರು, ಹೀಗೆ ಮಾತು ಸುತ್ತಿಕೊಂಡು ಬರುತ್ತದೆ. ಸಿಗಲಿಲ್ಲ ಎಂದವರನ್ನು ಅವಳು ಹುಟ್ಟಿದಾಗಿನಿಂದ ಕಂಡಿಲ್ಲ. ಮೊದಲ ಸಲ ಅವಳು ಸಿಕ್ಕಿತು ಎಂದಾಗ ಇನ್ನೂ ಫ್ರಾಕು ತೊಡುವ ವಯಸ್ಸು. ಕಾಲು ಜೋಮು ಹಿಡಿದು ಇರುವೆ ಹರಿದಾಡಿದ ಹಾಗಾಗಿ, ಒಮ್ಮೆ ಎದ್ದರೆ ಸಾಕಪ್ಪಾ ಎನಿಸಿ, "ಸಿಕ್ಕಿತು" ಎಂದುಬಿಟ್ಟಿದ್ದಳು. ದೊಡ್ಡಣ್ಣ ಅವಳನ್ನು ಎರಡೂ ಕೈಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ್ದರು. ಅಮ್ಮ ಅತ್ತಿದ್ದಳು. ಅಷ್ಟು ಎತ್ತರದಿಂದ ಕಂಡ ಅಷ್ಟೊಂದು ಒದ್ದೆ ಮುಖಗಳ ಮುಂದೆ, ಕಾಲು ಜೋಮು ಹಿಡಿದಿತ್ತು ಎಂದು ಯಾರು ಹೇಳುತ್ತಾರೆ? ಅಂದಿನಿಂದ ಅವಳಿಗೆ ಪ್ರತಿ ಸುತ್ತಿನಲ್ಲೂ ಸಿಗುತ್ತಲೇ ಬಂತು. ನಿಜವಾಗಿ ಒಂದು ಪಿಸುಮಾತೂ ಸಿಕ್ಕಿರಲಿಲ್ಲ. ಉಳಿದವರಿಗೆಲ್ಲ ಸಿಗುತ್ತಿದೆ, ತನ್ನೊಳಗೇ ಏನೋ ಮುಚ್ಚಿಕೊಂಡಿದೆ ಎಂದು ನಂಬಿ, ಹಾಸ್ಟೆಲಿನ ಬಚ್ಚಲಿನಲ್ಲಿ ನಲ್ಲಿ ಜೋರಾಗಿ ತಿರುಗಿಸಿಟ್ಟು ಬಿಕ್ಕಿ ಬಿಕ್ಕಿ ಅತ್ತಿದ್ದುಂಟು.

"ಅಕ್ಕಾ, ನಾವು ಬಂದ್ವಿ" ಎಂದು ಬಾಗಿಲಲ್ಲಿ ಸಭೆಯ ಟೈಲರಕ್ಕನ ದನಿ ಕೇಳಿದಾಗ ಅವಳು ತಾತನ ರಿಪೋರ್ಟು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಟೈಲರಕ್ಕ ಅವಳಿಗಿಂತ ಎಷ್ಟೋ ದೊಡ್ಡವಳು, ಆದರೂ ಮಗು ಕರೆಯಬೇಕಾದ ಹಾಗೆ ತಾನೇ ಅವಳನ್ನು ಅಕ್ಕಾ ಎನ್ನುತ್ತಿದ್ದಳು. ಬ್ಲೌಸ್ ಹೊಲಿದು ಒಬ್ಬಳೇ ಮಗುವನ್ನು ಸಾಕುತ್ತಿದ್ದ ಹೆಂಗಸು. ಸೀರೆಯ ಅಂಚಿಗೆ ಯಾವಾಗಲೂ ಬಣ್ಣಬಣ್ಣದ ದಾರದ ತುಣುಕು ಅಂಟಿರುತ್ತಿತ್ತು. ಆ ಮಗು ಹುಟ್ಟುಕಿವುಡು. ಕಳೆದ ವರ್ಷ ಅದರ ಕಿವಿಗೆ ಗುಲಾಬಿ ಬಣ್ಣದ ಮೆತ್ತನೆಯ ಹಿಟ್ಟು ತುಂಬಿ, ಗಟ್ಟಿಯಾಗುವವರೆಗೆ ಅದನ್ನು ಆಡಿಸುತ್ತಾ ಕೂತು, ಹೊರತೆಗೆದು, ಮೆಷಿನ್ ಕಿವಿಯಲ್ಲಿ ಕೂರಲು ಅಚ್ಚು ಮಾಡಿದ್ದವಳು ಅವಳೇ. ಅವಳು ಜೀವನದಲ್ಲಿ ಮಾಡಿದ ಮೊದಲ ಅಚ್ಚು. ಅಚ್ಚಿನ ತುದಿಗೆ ಮೆಷಿನ್ ಸಿಕ್ಕಿಸಿದ ದಿನ ಮಗು ತನ್ನ ಅಳುವನ್ನು ತಾನೇ ಕೇಳಿ ಗಾಬರಿಯಾಗಿ ಅಳು ನಿಲ್ಲಿಸಿತ್ತು. ಕೆಲವು ತಿಂಗಳಲ್ಲಿ ಎರಡು ಮಾತು ಬಂದವು: ಅಮ್ಮ, ಬೇಡ. ಬೇಡ ಎನ್ನುವುದು ಎಷ್ಟು ಇಷ್ಟವಾಯಿತೆಂದರೆ ಬೇಕಾದದ್ದಕ್ಕೂ ಬೇಡ ಎಂದೇ ಕೈಚಾಚುತ್ತಿತ್ತು. ಆಮೇಲೆ ಸಭೆ ಮಗುವಿಗಾಗಿ ಕೂತ ಆ ಸುತ್ತು ಬಂತು. ದೊಡ್ಡಣ್ಣ ಮಗುವಿನ ಕಿವಿಯ ಮೇಲೆ ಅಂಗೈ ಇಟ್ಟು ಕಣ್ಣೀರು ಸುರಿಸಿ ಪ್ರಾರ್ಥಿಸಿದರು. ಅದು ನಾಟಕವಲ್ಲ, ಆ ಮನುಷ್ಯನಿಗೆ ನಾಟಕ ಬರುವುದಿಲ್ಲ. ಮೆಷಿನ್ ತೆಗೆದು, ಮಗುವಿನ ಹಿಂದೆ ನಿಂತು ಕಾಲನ್ನು ನೆಲಕ್ಕೆ ಅಪ್ಪಳಿಸಿ ಚಪ್ಪಾಳೆ ತಟ್ಟಿದರು. ಮಗು ತಿರುಗಿತು. ಹಲಗೆ ನೆಲ ನಡುಗಿದರೆ ಯಾವ ಮಗುವಾದರೂ ತಿರುಗುತ್ತದೆ! ಅದು ಅವಳಿಗೆ ಆಗಲೇ ಗೊತ್ತಿತ್ತು. ಪಾದದ ಅಡಿಯಲ್ಲಿ ಆ ನಡುಕ ಅವಳಿಗೂ ತಟ್ಟಿತ್ತು. ಆದರೂ ಸಿಕ್ಕಿತು, ಸಿಕ್ಕಿತು ಎಂದು ಮಾತು ಸುತ್ತಿಕೊಂಡು ಬಂದು ಕಿವಿಯ ವಿದ್ಯೆ ಓದುತ್ತಿರುವ ಹುಡುಗಿಯ ಮೇಲೆ ಎಲ್ಲರ ಕಣ್ಣೂ ನೆಟ್ಟಾಗ, ಅವಳ ಬಾಯಿಂದ ಬಂದದ್ದು ಅದೇ ಮಾತು. ಅಂದೇ ಮೆಷಿನ್ ಸಾಕ್ಷಿ ಕಪಾಟು ಸೇರಿತು. ವಾಸಿಯಾದವರು ತಮ್ಮ ವಸ್ತುಗಳನ್ನು ಬಿಟ್ಟುಹೋಗುವ ಗಾಜಿನ ಕಪಾಟು ಅದು: ಒಂದು ಊರುಗೋಲು, ಒಂದು ಸೊಂಟದ ಪಟ್ಟಿ, ಪೇಂಟರ್ ಮಾವನ ಕನ್ನಡಕ. ಪೇಂಟರ್ ಮಾವ ಮನೆಯಲ್ಲಿ ಇನ್ನೊಂದು ಕನ್ನಡಕ ಹಾಕುವುದು ಬೀದಿಗೆಲ್ಲ ಗೊತ್ತಿದ್ದರೂ ಯಾರೂ ಆಡುವುದಿಲ್ಲ.

ಇವತ್ತು ಟೈಲರಕ್ಕ ಬಂದದ್ದು ದೊಡ್ಡಣ್ಣ ಕಳಿಸಿ. ಮಗುವಿನ ಕಿವಿ ಟೆಸ್ಟ್ ಮಾಡಿಸಿಕೊಂಡು ಬಾ, ಸಾಯಂಕಾಲದ ಸುತ್ತಿನಲ್ಲಿ ನಮ್ಮ ಹುಡುಗಿಯೇ ಎದ್ದು ನಿಂತು ಹೇಳಲಿ, ದೇವರ ಕೆಲಸ ಎಲ್ಲರಿಗೂ ತಿಳಿಯಲಿ ಎಂದಿದ್ದರಂತೆ. ಅವಳು ಮಗುವನ್ನು ಗಾಜಿನ ಕೋಣೆಯಲ್ಲಿ ಕೂರಿಸಿದಳು. ಮಕ್ಕಳ ಪರೀಕ್ಷೆ ಆಟದ ಹಾಗೆ. ಕೈಗೊಂದು ಮರದ ತುಂಡು ಕೊಡುತ್ತಾರೆ. ಅದನ್ನು ಕೆನ್ನೆಗೆ ಒತ್ತಿಕೊಂಡು ಕಾಯಬೇಕು, ಶಬ್ದ ಕೇಳಿದೊಡನೆ ಬಕೆಟ್ಟಿಗೆ ಹಾಕಬೇಕು. ಮೆಷಿನ್ ಇದ್ದಾಗ ಎಷ್ಟೋ ಸಲ ಆಡಿದ ಆಟ, ಮಗು ಮರೆತಿರಲಿಲ್ಲ. ಮೊದಲು ತುಂಡುಗಳು ಟಪಟಪನೆ ಬಿದ್ದವು. ಟೈಲರಕ್ಕನ ಮುಖ ಅರಳಿತು. ಆದರೆ ಮಗು ನೋಡುತ್ತಿದ್ದದ್ದು ಅಮ್ಮನ ಮುಖವನ್ನು. ಶಬ್ದ ಬಂದಾಗಲೆಲ್ಲ ಅಮ್ಮನ ಹುಬ್ಬು ಮೇಲೇರುತ್ತಿತ್ತು, ತುಂಡು ಕೆಳಗೆ ಬೀಳುತ್ತಿತ್ತು. ಮೇಡಂ ಟೈಲರಕ್ಕನನ್ನು ತೆರೆಯ ಹಿಂದೆ ಕೂರಿಸಿದರು. ಆಮೇಲೆ ಅವಳು ತನ್ನ ಪೆಟ್ಟಿಗೆಯಿಂದ ಶಬ್ದ ಬಿಟ್ಟಳು. ಇನ್ನೂ ಜೋರಾಗಿ ಬಿಟ್ಟಳು. ಮಗು ತುಂಡನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣರಳಿಸಿ, ಬೆನ್ನು ನೆಟ್ಟಗೆ ಮಾಡಿ ಕಾಯುತ್ತಲೇ ಇತ್ತು. ಕೆನ್ನೆಯ ಮೇಲೆ ತುಂಡಿನ ಅಂಚು ಮೂಡಿತು. ಆದರೂ ಹಾಕಲಿಲ್ಲ. ಗಾಜೇ ಅದುರುವಷ್ಟು ಶಬ್ದ ಏರಿಸಿದಾಗ ಮಾತ್ರ ತುಂಡು ಬಕೆಟ್ಟಿಗೆ ಬಿತ್ತು, ಮಗು ಗೆದ್ದೆನೆಂದು ಕೈ ಎತ್ತಿತು. ಅಷ್ಟುದ್ದದ ಪ್ರಾಮಾಣಿಕತೆಯನ್ನು ಅವಳು ತನ್ನ ಜನ್ಮದಲ್ಲಿ ನೋಡಿರಲಿಲ್ಲ. ತನ್ನ ಕೆನ್ನೆಗೆ ಯಾರೋ ಬಾರಿಸಿದಂತಾಯಿತು.

"ಮೆಷಿನ್ ಎಲ್ಲಿ?" ಎಂದರು ಮೇಡಂ. ಟೈಲರಕ್ಕ ನೆಲ ನೋಡಿದಳು. "ಈ ವಯಸ್ಸಲ್ಲಿ ಕೇಳದೆ ಹೋದ ಮಾತು ಆಮೇಲೆ ಬಡಕೊಂಡ್ರೂ ಬರಲ್ಲಮ್ಮ. ತಿಂಗಳುಗಟ್ಲೆ ತೆಗೆದಿಟ್ಟಿದೀರಾ? ಮಾತು ಏನಾಯ್ತು?" "ಅಮ್ಮ ಅಂತಾಳೆ ಮೇಡಂ" ಎಂದಳು ಟೈಲರಕ್ಕ. ಸೆರಗಿಗಂಟಿದ ದಾರ ಕೀಳುತ್ತಾ, "ಬೇಡ ಅನ್ನೋದು ನಿಂತೋಗಿದೆ." ಮೇಡಂ ಹೋದ ಮೇಲೆ ಅವಳತ್ತ ತಿರುಗಿ, ಸಿಟ್ಟೋ ಬೇಡಿಕೆಯೋ ತಿಳಿಯದ ದನಿಯಲ್ಲಿ, "ನಿಮ್ಮ ಪೆಟ್ಟಿಗೇನೇ ಕೆಟ್ಟಿದೆಯೇನೋ ನೋಡಿ ಅಕ್ಕಾ. ನೀವೇ ಅಲ್ವಾ ಅವತ್ತು ಸಿಕ್ಕಿತು ಅಂದಿದ್ದು? ಬೇರೆಯವರು ಅಂದಿದ್ರೆ ನಾನು ತೆಗೀತಿರಲಿಲ್ಲ. ಕಿವಿ ಓದಿರೋರು ಅಂದ್ರಲ್ಲ ಅಂತ ತೆಗೆದೆ" ಎಂದಳು. ಮಗು ಒಂದು ಮರದ ತುಂಡನ್ನು ಅವಳ ಕೋಟಿನ ಜೇಬಿಗೆ ಹಾಕಿ, ಅವಳ ಮುಖ ನೋಡಿ, ಸರಿಯೇ ಎನ್ನುವಂತೆ ಕಾಯುತ್ತಾ ನಿಂತಿತು.

ಸಾಯಂಕಾಲ ಕಾಲೇಜಿನ ಕೋಟಿನಲ್ಲೇ ಟೈರಂಗಡಿಯತ್ತ ನಡೆಯುವಾಗ ಅಮ್ಮನ ಫೋನು. "ದೊಡ್ಡಣ್ಣ ಹೇಳಿದ್ರು, ಇವತ್ತು ನೀನು ಸಾಕ್ಷಿ ಹೇಳ್ತೀಯಂತೆ. ನೆಟ್ಟಗೆ ನಿಂತು ಹೇಳು, ಗೊಣಗಬೇಡ." ಮಗುವಿಗೆ ಕೇಳಿಸೋದಿಲ್ಲಮ್ಮ ಎಂದಳು ಅವಳು. ಆ ಕಡೆ ಕುಕ್ಕರ್ ಕೂಗಿತು, ನಿಂತಿತು. "ನೋಡು, ಅಪ್ಪ ಕೆಲಸದ ಜಾಗದಲ್ಲಿ ಬಿದ್ದಾಗ ಆಸ್ಪತ್ರೆಯಲ್ಲಿ ನಮ್ಮ ಜೊತೆ ನೆಲದ ಮೇಲೆ ಮಲಗಿದ್ದು ಯಾರು? ಆ ಮನುಷ್ಯನ ಮುಖಕ್ಕೆ ಮಸಿ ಬಳೀಬೇಡ ಕಣೆ. ದೇವರು ನಿಂಗೇನು ಹೇಳ್ತಾನೋ ಅದನ್ನ ಹೇಳು, ಅಷ್ಟೆ." ಅದೇ ತಾನೆ ತೊಂದರೆ! ಫೋನು ಇಟ್ಟು ಅವಳು ಮುಚ್ಚಿದ ಪ್ರೆಸ್ಸಿನ ಕಟ್ಟೆಯ ಮೇಲೆ ಕೂತಳು. ಎದುರು ರಸ್ತೆಯಲ್ಲಿ ಲಾರಿ ಹಿಂದಕ್ಕೆ ಬರುತ್ತಾ ಒಂದೇ ಸ್ವರದಲ್ಲಿ ಕಿರುಚುತ್ತಿತ್ತು. ಅವಳು ಕಣ್ಣು ಮುಚ್ಚಿ ಪ್ರಾರ್ಥಿಸಿದಳು, ನೋಡುವವರು ನೋಡಲಿ. ಸ್ವಾಮಿ, ಏನು ಮಾಡಲಿ ಹೇಳು. ಲಾರಿ ನಿಂತಿತು. ಗೇರು ಬದಲಾಯಿತು. ಬೇರೇನೂ ಇಲ್ಲ. ಮೊದಲಾದರೆ ಈ ಇಲ್ಲದಿರುವಿಕೆಗೆ ಹೆದರಿ, ಮನಸ್ಸಿಗೆ ಬಂದ ಮೊದಲ ಮಾತನ್ನೇ ಹಿಡಿದುಕೊಂಡು ಇದೇ ಇರಬೇಕು ಎನ್ನುತ್ತಿದ್ದಳು. ಇವತ್ತು ಹೊಟ್ಟೆಯ ಆಳದಿಂದ ಬಂದದ್ದು ಸಿಟ್ಟು. ಸರಿ, ಮಾತಾಡಬೇಡ. ನಿನ್ನಿಷ್ಟ. ಎಷ್ಟು ವರ್ಷ ಬೇಕಾದರೂ ಸುಮ್ಮನಿರು, ನಾನು ನಿನ್ನನ್ನು ಬಿಟ್ಟು ಹೋಗುವವಳಲ್ಲ. ಆದರೆ ನೀನು ಆಡದ ಮಾತನ್ನು ನಿನ್ನ ಹೆಸರಲ್ಲಿ ಇನ್ನು ಮೇಲೆ ಆಡುವುದಿಲ್ಲ. ಬೇಕಾದರೆ ಶಿಕ್ಷೆ ಕೊಡು. ಅದೂ ಒಂದು ಉತ್ತರವೇ ಆಗುತ್ತದಲ್ಲ! ಎದ್ದು ಲಂಗದ ಧೂಳು ಕೊಡವಿಕೊಂಡಳು. ಇಷ್ಟು ವರ್ಷದಲ್ಲಿ ತಾನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಇದೇ ಇರಬಹುದೆಂದು ಅವಳಿಗೆ ಹೊಳೆದದ್ದು ಮೆಟ್ಟಿಲು ಹತ್ತುವಾಗ.

ಹಾಲ್ ಜನರಿಂದ ತುಂಬಿತ್ತು. ದೊಡ್ಡಣ್ಣ ಬಾಗಿಲಲ್ಲೇ ಅವಳ ತಲೆ ಸವರಿ, "ಊಟ ಮಾಡ್ದೇನಮ್ಮ? ಮುಖ ಬಾಡಿದೆ" ಎಂದರು. ಅವರ ಅಂಗೈಯಲ್ಲಿ ರಬ್ಬರಿನ ಕಪ್ಪು ಎಂದೂ ಹೋಗುತ್ತಿರಲಿಲ್ಲ. ಆ ಕಪ್ಪು ಕೈಯನ್ನು ಹಿಡಿದುಕೊಂಡು ಅತ್ತುಬಿಡಬೇಕೆನಿಸಿತು. ಬೈಯುವವರಾಗಿದ್ದರೆ, ಕೇಡಿಗರಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು! ಅವಳು ತನ್ನ ಜಾಗದಲ್ಲಿ ಕೂತಳು. ಎದುರಿಗೆ ಟೈಲರಕ್ಕ, ಮಡಿಲಲ್ಲಿ ಮಗು. ಮಗುವಿನ ಬೆನ್ನ ಹಿಂದೆ ದೊಡ್ಡಣ್ಣನ ಕುರ್ಚಿ, ಅದರ ಪಕ್ಕ ಕಪಾಟು. ಸುತ್ತು ಶುರುವಾಯಿತು. ಎಲ್ಲರೂ ಕಣ್ಣು ಮುಚ್ಚಿದರು, ಹುಬ್ಬು ಗಂಟಿಕ್ಕಿದರು, ಮುಂದಕ್ಕೆ ಬಾಗಿದರು. ಹಾಲಿನ ತುಂಬ ವಾಚ್ ರಿಪೇರಿ ತಾತಂದಿರು. ಅವಳಿಗೆ ಒಂದು ಕ್ಷಣ ನಗು ಉಕ್ಕಿ ಬಂದು, ಹಿಂದೆಯೇ ಎಲ್ಲರ ಮೇಲೂ ತಡೆಯಲಾರದ ಮಮತೆ ಬಂತು. ಇವರಲ್ಲಿ ಎಷ್ಟು ಜನ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದಾರೋ! "ಸಿಕ್ಕಿತು" ಎಂದರು ಪೇಂಟರ್ ಮಾವ. ಸಿಕ್ಕಿತು. ಸಿಕ್ಕಿತು. ಟೈಲರಕ್ಕನ ಬಳಿ ಬಂದಾಗ ಅವಳ ದನಿ ಇಷ್ಟೇ ಇಷ್ಟಾಯಿತು, ಆದರೂ ಸಿಕ್ಕಿತು ಎಂದಳು. ಅಲ್ಲಿಂದ ಸುತ್ತಿಕೊಂಡು ಮಾತು ಎದುರಿಗೆ ಕೂತ ಹುಡುಗಿಯ ಮುಂದೆ ಬಂದು ನಿಂತಿತು.

"ನಂಗೆ ಸಿಗಲಿಲ್ಲ" ಎಂದಳು.

ಕಣ್ಣುಗಳು ಒಂದೊಂದಾಗಿ ತೆರೆದವು. "ಪರವಾಗಿಲ್ಲ, ಇನ್ನೂ ಸ್ವಲ್ಪ ಕಾಯೋಣ" ಎಂದರು ದೊಡ್ಡಣ್ಣ, ಬಹಳ ಮೆತ್ತಗೆ. "ಎಷ್ಟು ಕಾದ್ರೂ ಅಷ್ಟೇ ಅಣ್ಣ. ಅವತ್ತೂ ಸಿಕ್ಕಿರಲಿಲ್ಲ. ಯಾವತ್ತೂ ಸಿಕ್ಕಿಲ್ಲ. ಮಗುವಿಗೆ ಕೇಳಿಸೋದಿಲ್ಲ, ಇವತ್ತು ನಾನೇ ನೋಡಿದೀನಿ." ಯಾರೋ ಲೊಚ್ಚೆಂದರು. ಯಾರೋ, ಓದು ತಲೆಗೇರಿದೆ ಎಂದರು. ದೊಡ್ಡಣ್ಣನ ಮುಖದಿಂದ ರಕ್ತ ಇಳಿದುಹೋಗಿತ್ತು. "ಸತ್ಯವೇದದಲ್ಲಿ ಬರೆದಿದೆಯಲ್ಲ, ಸ್ವಾಮಿ ಕಿವುಡನ ಕಿವಿ ತೆರೆದದ್ದು ಸುಳ್ಳೇನಮ್ಮ?" "ನಿಜ ಅಣ್ಣ. ನಂಬ್ತೀನಿ. ಕಿವಿಯೊಳಗೆ ಬೆರಳಿಟ್ಟು ತೆರೆದ. ನಂಗೂ ಬೆರಳಿದೆ." ಇಷ್ಟು ಒರಟಾಗಿ ತಾನು ಮಾತಾಡಬಲ್ಲೆನೆಂದು ಅವಳಿಗೇ ಗೊತ್ತಿರಲಿಲ್ಲ. ಎದ್ದಳು. ವೃತ್ತದ ನಡುವೆ ಯಾರೂ ನಡೆಯಬಾರದೆಂಬ ರೂಢಿ, ನಡೆದಳು. ಕಪಾಟಿನ ಬಾಗಿಲು ಬಿಗಿದುಕೊಂಡಿತ್ತು. ಎಳೆದ ರಭಸಕ್ಕೆ ಊರುಗೋಲು ದಡಕ್ಕನೆ ಬಿತ್ತು. ಮೆಷಿನ್ ಮೇಲೆ ತೆಳ್ಳಗೆ ಧೂಳು ಕೂತಿತ್ತು. ಕಾಲೇಜಿನಿಂದ ತಂದಿದ್ದ ಹೊಸ ಸೆಲ್ಲನ್ನು ಕೋಟಿನ ಜೇಬಿನಿಂದ ತೆಗೆದು, ಅದರ ಬೆನ್ನಿನ ಚೀಟಿ ಕಿತ್ತು, ಅಂಗೈಯಲ್ಲಿಟ್ಟುಕೊಂಡು ನಿಂತಳು. ಆ ಸೆಲ್ ಗಾಳಿ ಕುಡಿದೇ ಜೀವ ಹಿಡಿಯುವುದು, ಕೂಡಲೇ ಹಾಕುವ ಹಾಗಿಲ್ಲ, ಸ್ವಲ್ಪ ಕಾಯಬೇಕು. ಇಡೀ ಸಭೆ ಅವಳನ್ನು ನೋಡುತ್ತಿತ್ತು. ಕಾಯುವುದನ್ನು ತನಗೆ ಯಾರೂ ಕಲಿಸಿಕೊಡಬೇಕಿಲ್ಲ ಎಂದುಕೊಂಡಳು. ಸೆಲ್ ಹಾಕಿ, ಮೆಷಿನ್ ಮುಚ್ಚಿ, ಟೈಲರಕ್ಕನ ಮುಂದೆ ಮಂಡಿಯೂರಿ ಕೂತಳು. "ನಾನು ಅವತ್ತು ಹೇಳಿದ್ದು ತಪ್ಪು. ಈಗ ನೀವು ಬೇಡ ಅಂದ್ರೆ ಎದ್ದು ಹೋಗ್ತೀನಿ" ಎಂದಳು. ಟೈಲರಕ್ಕ ದೊಡ್ಡಣ್ಣನ ಕಡೆ ನೋಡಲಿಲ್ಲ, ಅವಳ ಕಡೆಯೂ ನೋಡಲಿಲ್ಲ. ಮಗುವಿನ ನೆತ್ತಿಯನ್ನೇ ನೋಡಿದಳು. ಆಮೇಲೆ ಸೂಜಿಯಿಂದ ತೂತುತೂತಾದ ಬೆರಳಿನಿಂದ ಮಗುವಿನ ತಲೆಯನ್ನು ಒಂದು ಕಡೆಗೆ ವಾಲಿಸಿ, ಕಿವಿಯ ಮೇಲಿನ ಕೂದಲನ್ನು ಸರಿಸಿ ಹಿಡಿದಳು.

ಕಿವಿಗೆ ಕೂರಿಸಿದ ಅಚ್ಚು ಸಡಿಲವಾಗಿತ್ತು. ಇಷ್ಟು ದಿನದಲ್ಲಿ ಕಿವಿ ಬೆಳೆದಿತ್ತು, ಅಚ್ಚು ಅಲ್ಲೇ ಉಳಿದಿತ್ತು. ಮೆಷಿನ್ ಹೊತ್ತಿಸಿದ್ದೇ ತಡ, ಸಂದಿಯಿಂದ ಶಬ್ದ ಸೋರಿ ಕುಯ್ಯೋ ಎಂದು ಸಿಳ್ಳೆ ಹೊಡೆಯತೊಡಗಿತು. ಸೆರಗಿನೊಳಗೆ ಕೆಮ್ಮುವ ಆ ಹಾಲಿನಲ್ಲಿ ಗೋಡೆಯಿಂದ ಗೋಡೆಗೆ ಕೇಳುವ ಹಾಗೆ. ಮುದುಕಿಯೊಬ್ಬಳು ಕಿವಿ ಮುಚ್ಚಿಕೊಂಡಳು. ಮಗು ಬೆಚ್ಚಿತು. ಅದರ ಕೈ ಕಿವಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಅವಳು ತೋರುಬೆರಳಿನಿಂದ ಅಚ್ಚನ್ನು ಒಳಕ್ಕೆ ಒತ್ತಿ ಹಿಡಿದಳು. ಸಿಳ್ಳೆ ನಿಂತಿತು. ನಾಳೆಯೇ ಹೊಸ ಹಿಟ್ಟು ಕಲಸಬೇಕು ಎಂದುಕೊಂಡಳು. ಅಲ್ಲಿಯವರೆಗೆ ಬೆರಳು ತೆಗೆಯುವ ಹಾಗಿಲ್ಲ.

"ಯಾರು ಹೇಳಿದ್ರು ನಿಂಗೆ ಹೀಗೆ ಮಾಡು ಅಂತ?" ಎಂದರು ದೊಡ್ಡಣ್ಣ. ಹಿಂದಿನ ಕುರ್ಚಿಯಿಂದ, ಕೂತಲ್ಲಿಂದಲೇ, ಕಾಲು ಅಲ್ಲಾಡಿಸದೆ, ಒಡೆದ ದನಿಯಲ್ಲಿ.

ಮಗು ತಿರುಗಿತು. ಅಮ್ಮನ ಮುಖ ನೋಡದೆ, ಯಾರ ಹುಬ್ಬನ್ನೂ ನೋಡದೆ, ಅವಳ ಬೆರಳನ್ನೂ ಜೊತೆಗೆಳೆದುಕೊಂಡು ನೇರ ಆ ದನಿಯ ಕಡೆಗೆ ತಿರುಗಿ, ದೊಡ್ಡಣ್ಣನನ್ನು ಮೊದಲ ಸಲ ಕಂಡಂತೆ ನೋಡಿತು. ದೊಡ್ಡಣ್ಣನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಯಾರೂ ಹೇಳಲಿಲ್ಲ ಅಣ್ಣ" ಎಂದಳು ಅವಳು. ಬೆರಳು ತೆಗೆಯಲಿಲ್ಲ.